ಖಾಲಿ ಜಾಗಕ್ಕೆ ಕರೆ: ಇಂಗ್ಲಿಷ್ ಕೌಂಟಿ ಕ್ರಿಕೆಟ್‌ನಲ್ಲಿ ಕರ್ನಾಟಕದ ಬೌಲರ್‌ಗಳು

1995ರ ಬೇಸಿಗೆಯಲ್ಲಿ ಕರ್ನಾಟಕದ ಇಬ್ಬರು ಬೌಲರ್‌ಗಳು ಒಟ್ಟಿಗೆ ಕೌಂಟಿ ಕ್ರಿಕೆಟ್‌ಗೆ ಇಳಿದರು. ಅನಿಲ್ ಕುಂಬ್ಳೆ ನಾರ್ಥಾಂಪ್ಟನ್‌ಶೈರ್‌ಗೆ, ಜಾವಗಲ್ ಶ್ರೀನಾಥ್ ಗ್ಲಾಸ್ಟರ್‌ಶೈರ್‌ಗೆ ಆಡಿದರು. ಇಬ್ಬರ ಪ್ರತಿಭೆಗೆ ಸಿಕ್ಕ ಮನ್ನಣೆ ಎಂದು ಇದನ್ನು ಬರೆಯುವುದು ರೂಢಿ. ಆ ವರ್ಷದ ಪಂದ್ಯಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಕಥೆ ಬೇರೆಯಾಗುತ್ತದೆ. ಅಂದು ವೆಸ್ಟ್ ಇಂಡೀಸ್ ತಂಡ ಇಂಗ್ಲೆಂಡ್ ಪ್ರವಾಸದಲ್ಲಿತ್ತು. ನಾರ್ಥಾಂಪ್ಟನ್‌ಶೈರ್‌ನ ಕರ್ಟ್ಲಿ ಆಂಬ್ರೋಸ್, ಗ್ಲಾಸ್ಟರ್‌ಶೈರ್‌ನ ಕರ್ಟ್ನಿ ವಾಲ್ಶ್ ಇಬ್ಬರೂ ತಮ್ಮ ದೇಶದ ಪರ ಆಡಬೇಕಿತ್ತು. ಒಂದು ಕೌಂಟಿಗೆ ಒಬ್ಬನೇ ವಿದೇಶಿ ಆಟಗಾರ ಎಂಬ ಕಾಲವದು. ಹೀಗೆ ತೆರವಾದ ಎರಡು ಜಾಗಗಳು ಬೆಂಗಳೂರಿಗೂ ಮೈಸೂರಿಗೂ ಬಂದವು. ಕಾರ್ಲ್ ಹೂಪರ್ ಬಿಟ್ಟುಹೋದ ಕೆಂಟ್‌ನ ಜಾಗಕ್ಕೆ ಶ್ರೀಲಂಕಾದ ಅರವಿಂದ ಡಿಸಿಲ್ವ ಬಂದದ್ದೂ ಇದೇ ಕಾರಣಕ್ಕೆ.

ಇತ್ತ ಭಾರತದ ಬೇಸಿಗೆ ಬರಿದಾಗಿತ್ತು. ಏಪ್ರಿಲ್‌ನಲ್ಲಿ ಶಾರ್ಜಾದ ಏಷ್ಯಾ ಕಪ್ ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ಬೆಂಗಳೂರಿಗೆ ಬಂದು ಟೆಸ್ಟ್ ಆಡುವವರೆಗೆ ದೊಡ್ಡ ಸರಣಿಯೇ ಇರಲಿಲ್ಲ. ಅಲ್ಲಿ ಜಾಗ ಖಾಲಿ, ಇಲ್ಲಿ ಕೈ ಖಾಲಿ. ಕರ್ನಾಟಕದ ಬೌಲರ್‌ಗಳ ಕೌಂಟಿ ಚರಿತ್ರೆ ಸಾಮರ್ಥ್ಯಕ್ಕಿಂತ ಹೆಚ್ಚಾಗಿ ವೇಳಾಪಟ್ಟಿಯ ಚರಿತ್ರೆ ಎಂಬುದು ಈ ಲೇಖನದ ವಾದ.

ಈ ನೆಲದಲ್ಲಿ ಹುಟ್ಟಿದ ಬೌಲರೊಬ್ಬ ಕೌಂಟಿ ತಂಡಗಳನ್ನು ಎದುರಿಸಿದ್ದು ಇದಕ್ಕೂ ಎಂಟು ದಶಕ ಹಿಂದೆ. ಪಾಲವಣಕರ ಬಾಳೂ ಹುಟ್ಟಿದ್ದು ಧಾರವಾಡದಲ್ಲಿ. ಮನೆತನದ ಮೂಲ ಕೊಂಕಣ, ಜಾತಿ ಚಮ್ಮಾರ. ಪುಣೆಯಲ್ಲಿ ಯುರೋಪಿಯನ್ನರ ಜಿಮಖಾನಾದ ಮೈದಾನ ಹದಮಾಡುವ ಕೆಲಸಕ್ಕಿದ್ದು, ಅಲ್ಲಿನ ದೊರೆಗಳಿಗೆ ಅಭ್ಯಾಸಕ್ಕೆಂದು ಚೆಂಡೆಸೆಯುತ್ತ ಎಡಗೈ ಸ್ಪಿನ್ ಕಲಿತವರು. ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಾಗಿತ್ತು, ಆದರೆ ಚಹಾದ ಹೊತ್ತಿನಲ್ಲಿ ಅವರಿಗೆ ಹೊರಗೆ ಮಣ್ಣಿನ ಬಟ್ಟಲು. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋದಾಗ ಬಾಳೂ ಆ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಗೆದ್ದ ಕೆಲವೇ ಪಂದ್ಯಗಳಲ್ಲಿ ಲೆಸ್ಟರ್‌ಶೈರ್ ವಿರುದ್ಧದ್ದು ಒಂದು, ಅದರಲ್ಲಿ ಬಾಳೂ ಅವರದು 11 ವಿಕೆಟ್. ಕುಂಬ್ಳೆ ಮತ್ತು ಶ್ರೀನಾಥ್ ಮುಂದೊಂದು ದಿನ ಆಡಿದ ಕೌಂಟಿಗಳಲ್ಲಿ ಲೆಸ್ಟರ್‌ಶೈರ್ ಕೂಡ ಒಂದು.

ಕೌಂಟಿಗಳಿಗೆ ವಿದೇಶಿ ಆಟಗಾರರನ್ನು ಕಾಯದೆ ಸೇರಿಸಿಕೊಳ್ಳಲು ಅವಕಾಶ ಸಿಕ್ಕಿದ್ದು 1968ರಲ್ಲಿ. ಭಾರತದ ಸ್ಪಿನ್ ಚತುಷ್ಟಯದ ಉತ್ತುಂಗದ ಕಾಲವೂ ಅದೇ. ನಾಲ್ವರಲ್ಲಿ ಇಬ್ಬರು ಕರ್ನಾಟಕದವರು, ಎರಪಳ್ಳಿ ಪ್ರಸನ್ನ ಮತ್ತು ಬಿ.ಎಸ್. ಚಂದ್ರಶೇಖರ್. ಕೌಂಟಿ ಒಪ್ಪಂದ ಸಿಕ್ಕಿದ್ದು ಉಳಿದಿಬ್ಬರಿಗೆ. ಬಿಷನ್ ಸಿಂಗ್ ಬೇಡಿ 1972ರಿಂದ 1977ರವರೆಗೆ ನಾರ್ಥಾಂಪ್ಟನ್‌ಶೈರ್‌ಗೆ ಆಡಿ 434 ವಿಕೆಟ್ ಪಡೆದರು. 1973 ಮತ್ತು 1974ರಲ್ಲಿ ಋತುವಿಗೆ ನೂರರ ಗಡಿ ದಾಟಿದರು. ವೆಂಕಟರಾಘವನ್ 1973ರಿಂದ ಮೂರು ಋತು ಡರ್ಬಿಶೈರ್‌ನಲ್ಲಿದ್ದರು.

ಓವಲ್‌ನಲ್ಲಿ 1971ರಲ್ಲಿ 38 ರನ್‌ಗೆ 6 ವಿಕೆಟ್ ಕಿತ್ತು ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದ ಚಂದ್ರಶೇಖರ್ ಯಾವ ಕೌಂಟಿಗೂ ಏಕೆ ಬೇಡವಾದರು? ಆ ಸರಣಿಯಲ್ಲಿ ಪ್ರಸನ್ನ ಒಂದು ಟೆಸ್ಟನ್ನೂ ಆಡಲಿಲ್ಲ, ಹಾಗಾಗಿ ಅವರ ಮಾತು ಬೇರೆ. ಚಂದ್ರ ಅವರ ವಿಷಯದಲ್ಲಿ ನನ್ನದೊಂದು ಊಹೆಯಿದೆ. ಕೌಂಟಿಗೆ ಬೇಕಾದವನು ವಾರಕ್ಕೆ ಆರು ದಿನ ದುಡಿಯುವ ಆಳು: ಒಂದು ತುದಿಯಲ್ಲಿ ರನ್ ಬಿಗಿಹಿಡಿಯಬೇಕು, 1969ರಿಂದ ಶುರುವಾದ ಭಾನುವಾರದ ನಲವತ್ತು ಓವರ್ ಲೀಗ್‌ನಲ್ಲೂ ಪ್ರಯೋಜನಕ್ಕೆ ಬರಬೇಕು. ಬೇಡಿ ಅಂಥವರು. ಚಂದ್ರ ಒಂದೇ ಸ್ಪೆಲ್‌ನಲ್ಲಿ ಪಂದ್ಯ ತಿರುಗಿಸುವವರು, ಅದೇ ಸ್ಪೆಲ್‌ನಲ್ಲಿ ರನ್ ಸೋರುವುದೂ ಉಂಟು. ಬ್ಯಾಟಿಂಗ್ ಬಗ್ಗೆ ಹೇಳುವುದೇ ಬೇಡ: ಟೆಸ್ಟ್‌ಗಳಲ್ಲಿ 242 ವಿಕೆಟ್, ರನ್ 167. ಇಂಥವರನ್ನು ಲೆಕ್ಕಾಚಾರದ ಕೌಂಟಿ ಸಮಿತಿ ಇಡೀ ಋತುವಿಗೆ ನೆಚ್ಚಿಕೊಳ್ಳಲು ಹಿಂಜರಿದಿರಬಹುದು. ಕೌಂಟಿ ಕ್ರಿಕೆಟ್‌ಗೆ ಅದರಿಂದ ನಷ್ಟವಾಯಿತು ಎಂದೇ ನನಗೆ ಅನ್ನಿಸುತ್ತದೆ.

ಹೀಗಾಗಿ 1995ಕ್ಕೆ ವಿಶೇಷ ತೂಕವಿದೆ. ಕುಂಬ್ಳೆ ಸೇರಿದ್ದು ಬೇಡಿ ದುಡಿದಿದ್ದ ಕೌಂಟಿಯನ್ನು. ನಡುವೆ ಕಪಿಲ್ ದೇವ್ ಕೂಡ ಅಲ್ಲಿ ಆಡಿದ್ದರು. ಆದರೆ ಬೇಡಿಯವರ ತೇಲಿಬಿಡುವ ಎಡಗೈ ಸ್ಪಿನ್‌ಗೂ ಈ ಎತ್ತರದ ಲೆಗ್ ಸ್ಪಿನ್ನರ್‌ನ ಎಸೆತಕ್ಕೂ ಹೋಲಿಕೆಯೇ ಇಲ್ಲ. ಚೆಂಡು ಹೆಚ್ಚು ತಿರುಗದು, ಆದರೆ ಬಿರುಸಾಗಿ ಬಂದು ಪುಟಿದೇಳುತ್ತದೆ. ಫ್ಲಿಪ್ಪರ್ ನೆಲಕ್ಕಂಟಿ ನುಗ್ಗುತ್ತದೆ. ಮುಂಗಾಲು ಚಾಚಿ ಪ್ಯಾಡ್ ಒಡ್ಡುವ ಅಭ್ಯಾಸದ ಬ್ಯಾಟ್ಸ್‌ಮನ್‌ಗಳು ಎಲ್‌ಬಿಡಬ್ಲ್ಯು ಬಲೆಗೆ ಬೀಳತೊಡಗಿದರು. ಹವಾಮಾನವೂ ಒದಗಿ ಬಂತು. ಆ ವರ್ಷ ಇಂಗ್ಲೆಂಡಿನ ಬೇಸಿಗೆ ಅಪರೂಪದ ಬಿಸಿಲಿನದು, ಆಗಸ್ಟ್ ತಿಂಗಳಂತೂ ಮಳೆಯಿಲ್ಲದೆ ಕಾದಿತ್ತು. ಒಣಗಿದ ಪಿಚ್‌ನಲ್ಲಿ ನಾಲ್ಕನೇ ದಿನದವರೆಗೆ ಪಂದ್ಯ ನಡೆದರೆ ಸ್ಪಿನ್ನರ್‌ಗೆ ಕೆಲಸ ತಾನಾಗಿಯೇ ಸಿಗುತ್ತದೆ. ಚಾಂಪಿಯನ್‌ಶಿಪ್‌ನ ಎಲ್ಲ ಪಂದ್ಯಗಳೂ ನಾಲ್ಕು ದಿನದವಾಗಿ ಆಗಿನ್ನೂ ಎರಡು ವರ್ಷವಷ್ಟೇ ಆಗಿತ್ತು.

ಋತು ಮುಗಿದಾಗ ಕುಂಬ್ಳೆ ಲೆಕ್ಕದಲ್ಲಿ 105 ವಿಕೆಟ್ ಇದ್ದವು, ಸರಾಸರಿ ಇಪ್ಪತ್ತರ ಆಸುಪಾಸು. ಅಲನ್ ಲ್ಯಾಂಬ್ ನಾಯಕತ್ವದ ತಂಡ ವಾರ್ವಿಕ್‌ಶೈರ್ ಮತ್ತು ಮಿಡ್ಲ್‌ಸೆಕ್ಸ್ ನಂತರ ಮೂರನೇ ಸ್ಥಾನ ಪಡೆಯಿತು. ಆ ಋತುವಿನ ಒಂದು ಸ್ಕೋರ್ ಪಟ್ಟಿ ಈಗಲೂ ನಂಬಲು ಕಷ್ಟ. ನಾಟಿಂಗ್‌ಹ್ಯಾಮ್‌ಶೈರ್ ಮೊದಲ ಇನಿಂಗ್ಸ್‌ನಲ್ಲಿ 527 ಗಳಿಸಿದರೂ ಸೋತದ್ದು ಇನಿಂಗ್ಸ್ ಮತ್ತು 97 ರನ್‌ಗಳಿಂದ! ನಾರ್ಥಾಂಪ್ಟನ್‌ಶೈರ್ 7 ವಿಕೆಟ್‌ಗೆ 781 ರನ್ ಪೇರಿಸಿ ಡಿಕ್ಲೇರ್ ಮಾಡಿತು, ಎದುರಾಳಿಯ ಎರಡನೇ ಇನಿಂಗ್ಸ್ 157ಕ್ಕೆ ಮುಗಿಯಿತು. 1996ರ ವಿಸ್ಡನ್ ವಾರ್ಷಿಕ ಸಂಚಿಕೆ ವರ್ಷದ ಐವರು ಕ್ರಿಕೆಟಿಗರಲ್ಲಿ ಕುಂಬ್ಳೆಯವರನ್ನೂ ಆರಿಸಿತು. ಅದೇ ಐವರಲ್ಲಿ ಡಿಸಿಲ್ವ ಕೂಡ ಇದ್ದರು. ಅಂದರೆ ಖಾಲಿ ಜಾಗ ತುಂಬಲು ಹೋದವರು ಇಬ್ಬರು!

ಶ್ರೀನಾಥ್ ಅವರ ಋತು ಇದರ ನೆರಳಿನಲ್ಲಿ ಮರೆಯಾಗಿದೆ, ಅದು ಅನ್ಯಾಯ. ವಿಕೆಟ್ ಕೀಪರ್ ಜ್ಯಾಕ್ ರಸೆಲ್ ನಾಯಕರಾಗಿದ್ದ ಗ್ಲಾಸ್ಟರ್‌ಶೈರ್‌ಗೆ ಅವರು 87 ವಿಕೆಟ್ ಕಿತ್ತರು, ಕುಂಬ್ಳೆಗಿಂತಲೂ ಕಡಿಮೆ ಸರಾಸರಿಯಲ್ಲಿ. ವೇಲ್ಸ್‌ನ ಅಬರ್ಗವೆನಿಯಲ್ಲಿ ಗ್ಲಮೋರ್ಗನ್ ವಿರುದ್ಧ 76 ರನ್‌ಗೆ 9 ವಿಕೆಟ್ ಪಡೆದದ್ದೇ ಅವರ ಪ್ರಥಮ ದರ್ಜೆ ಬದುಕಿನ ಅತ್ಯುತ್ತಮ ಸಾಧನೆಯಾಗಿ ಉಳಿಯಿತು. ಉಪಖಂಡದ ಸತ್ತ ಪಿಚ್‌ಗಳಲ್ಲಿ ಬೆವರು ಸುರಿಸುತ್ತಿದ್ದ ವೇಗಿಗೆ ಸೀಮ್ ಹಿಡಿದು ಚಲಿಸುವ ಚೆಂಡು ದಕ್ಕಿತ್ತು.

ಇಷ್ಟು ಮಾಡಿಯೂ ಮರುವರ್ಷ ಇಬ್ಬರಿಗೂ ಆ ಜಾಗ ಉಳಿಯಲಿಲ್ಲ. ಆಂಬ್ರೋಸ್ ಮರಳಿದರು, ವಾಲ್ಶ್ ಮರಳಿದರು. ಕುಂಬ್ಳೆ, ಶ್ರೀನಾಥ್ ಇಬ್ಬರೂ ಭಾರತ ತಂಡದೊಂದಿಗೆ ಇಂಗ್ಲೆಂಡ್ ಪ್ರವಾಸದಲ್ಲಿದ್ದರು. ಕೌಂಟಿ ಅನುಭವ ಟೆಸ್ಟ್‌ನಲ್ಲಿ ತಾನಾಗಿ ಫಲ ಕೊಡುತ್ತದೆ ಎಂದು ನಂಬುವವರು 1996ರ ಆ ಸರಣಿಯನ್ನು ನೋಡಬೇಕು. ನೂರು ವಿಕೆಟ್ ಬಾಚಿದ್ದ ಕುಂಬ್ಳೆಗೆ ಮೂರು ಟೆಸ್ಟ್‌ಗಳಲ್ಲಿ ಸಿಕ್ಕಿದ್ದು ಬೆರಳೆಣಿಕೆಯ ವಿಕೆಟ್. 15 ವಿಕೆಟ್ ಪಡೆದು ಮಿಂಚಿದ್ದು ಅದೇ ಕರ್ನಾಟಕದ ವೆಂಕಟೇಶ್ ಪ್ರಸಾದ್. ಹಿಂದಿನ ವರ್ಷ ಕೌಂಟಿಯಲ್ಲಿ ದುಡಿದವರ ಪೈಕಿ ಅವರಿರಲಿಲ್ಲ. ಜೂನ್ ತಿಂಗಳ ತೇವದ ಪಿಚ್ ಬೇರೆ, ಆಗಸ್ಟ್‌ನ ಒಣ ಪಿಚ್ ಬೇರೆ.

ಮುಂದಿನದು ಬಿಡಿ ಬಿಡಿ ಒಪ್ಪಂದಗಳ ಕಾಲ. ಕುಂಬ್ಳೆ 2000ದಲ್ಲಿ ಲೆಸ್ಟರ್‌ಶೈರ್‌ಗೆ, 2006ರಲ್ಲಿ ಸರ್ರೆಗೆ ಆಡಿದರು. ಶ್ರೀನಾಥ್ 2002ರಲ್ಲಿ ಲೆಸ್ಟರ್‌ಶೈರ್‌ಗೂ 2003ರಲ್ಲಿ ಡರ್‌ಹ್ಯಾಮ್‌ಗೂ ಚೆಂಡೆಸೆದರು. ಯಾವುದೂ 1995ರ ಹತ್ತಿರ ಬರಲಿಲ್ಲ. ಭಾರತದ ವೇಳಾಪಟ್ಟಿ ಅಷ್ಟರಲ್ಲಿ ತುಂಬಿ ತುಳುಕುತ್ತಿತ್ತು. 2008ರಿಂದ ಐಪಿಎಲ್ ಬಂದು, ಇಂಗ್ಲೆಂಡಿನಲ್ಲಿ ಕೌಂಟಿ ಋತು ಶುರುವಾಗುವ ಏಪ್ರಿಲ್, ಮೇ ತಿಂಗಳುಗಳನ್ನೇ ನುಂಗಿತು.

ಈ ಬದಲಾವಣೆ ನಮ್ಮ ಕಡೆಯ ಬೌಲರ್‌ಗೆ ಏನು ಮಾಡಿತು ಎಂಬುದಕ್ಕೆ ದೂರ ಹೋಗಬೇಕಿಲ್ಲ. ದಾವಣಗೆರೆಯ ಆರ್. ವಿನಯ್ ಕುಮಾರ್ ಅವರನ್ನು ನೋಡಿದರೆ ಸಾಕು. ಪ್ರಥಮ ದರ್ಜೆಯಲ್ಲಿ 504 ವಿಕೆಟ್, ನಾಯಕರಾಗಿ 2013–14 ಮತ್ತು 2014–15ರಲ್ಲಿ ಸತತ ಎರಡು ರಣಜಿ ಟ್ರೋಫಿ. ವೇಗ ಮಧ್ಯಮ, ಗುರಿ ಖಚಿತ, ದಿನವಿಡೀ ಒಂದೇ ಜಾಗಕ್ಕೆ ಚೆಂಡು ಹಾಕುವ ತಾಳ್ಮೆ: ಏಪ್ರಿಲ್‌ನ ಇಂಗ್ಲಿಷ್ ಪಿಚ್‌ಗೆ ಹೇಳಿ ಮಾಡಿಸಿದ ಬೌಲಿಂಗ್. ಅವರ ಏಪ್ರಿಲ್‌ಗಳು ಬೆಂಗಳೂರು, ಕೊಚ್ಚಿ, ಕೋಲ್ಕತ್ತ, ಮುಂಬೈ ತಂಡಗಳ ಪರ ನಾಲ್ಕು ಓವರ್‌ಗಳ ಲೆಕ್ಕದಲ್ಲಿ ಕಳೆದವು.