ಸಹಿ ಬಾರದವರು ಕಟ್ಟಿದ ಬ್ಯಾಂಕು

ವಾಣಿಜ್ಯದಲ್ಲಿ ಸ್ತ್ರೀಯರ ನಾಯಕತ್ವವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ದೊಡ್ಡ ಮನೆತನಗಳ ಉದ್ಯಮಗಳನ್ನು ಮುನ್ನಡೆಸಿದವರ ಹೆಸರುಗಳನ್ನೇ ಎತ್ತಿ ಹೇಳುತ್ತಾರೆ. ಅವರ ಸಾಧನೆ ಸಣ್ಣದಲ್ಲ. ಆದರೆ ಬಂಡವಾಳವಾಗಲಿ ಅಕ್ಷರಜ್ಞಾನವಾಗಲಿ ಇಲ್ಲದ ಸ್ತ್ರೀಯರು ಆರ್ಥಿಕ ಸಂಸ್ಥೆಯೊಂದರ ಒಡತಿಯರಾದ ನಿದರ್ಶನವೂ ನಮ್ಮ ದೇಶದಲ್ಲುಂಟು. ಅದು ಗುಜರಾತಿನ ಅಹಮದಾಬಾದಿನದು.

ಬಟ್ಟೆಗಿರಣಿಗಳಿಗೆ ಹೆಸರಾದ ಆ ನಗರದಲ್ಲಿ ಗಿರಣಿಗಳ ಹೊರಗೆ ದುಡಿಯುವ ಹೆಂಗಸರೂ ಅಸಂಖ್ಯರಿದ್ದರು. ಜವಳಿಯ ಮೂಟೆಗಳನ್ನು ತಲೆಯ ಮೇಲೆ ಹೊರುವವರು, ಬೀದಿಯಲ್ಲಿ ತರಕಾರಿ ಮಾರುವವರು, ಹಳೆಯ ಬಟ್ಟೆಗಳ ವ್ಯಾಪಾರ ಮಾಡುವವರು, ಹೀಗೆ ಅವರ ಕಸುಬುಗಳು ಹಲವು. ಜವಳಿ ಕಾರ್ಮಿಕರ ಸಂಘದ ಮಹಿಳಾ ವಿಭಾಗದಲ್ಲಿದ್ದ ನ್ಯಾಯವಾದಿ ಇಳಾ ಭಟ್ಟರು ಇವರನ್ನು ಒಗ್ಗೂಡಿಸಿ ‘ಸೇವಾ’ ಎಂಬ ಸಂಘವನ್ನು ಕಟ್ಟಿದರು. ಮಾಲೀಕನೇ ಇಲ್ಲದವರಿಗೆ ಕಾರ್ಮಿಕ ಸಂಘವೇಕೆ ಎಂಬ ಆಕ್ಷೇಪಣೆ ಸರಕಾರದ ಕಡೆಯಿಂದ ಬಂದಿತು. ದುಡಿಯುವವರ ಒಗ್ಗಟ್ಟಿಗೆ ಎದುರಾಳಿಯೊಬ್ಬ ಇರಲೇಬೇಕೆಂಬ ನಿಯಮವಿಲ್ಲವೆಂದು ವಾದಿಸಿ ಅವರು 1972ರಲ್ಲಿ ನೋಂದಣಿಯನ್ನು ಪಡೆದರು.

ಈ ಹೆಂಗಸರನ್ನು ಬಾಧಿಸುತ್ತಿದ್ದುದು ಬಡ್ಡಿ. ಬೆಳಿಗ್ಗೆ ಸಾಲ ತಂದು, ಸರಕು ಕೊಂಡು ಮಾರಿ, ಸಂಜೆ ಬಡ್ಡಿಸಹಿತ ತೀರಿಸಿದರೆ ಕೈಯಲ್ಲಿ ಉಳಿಯುತ್ತಿದ್ದುದು ಅತ್ಯಲ್ಪ. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಗಿದ್ದರೂ ಅವುಗಳ ಬಾಗಿಲು ಇವರಿಗೆ ಸುಲಭವಾಗಿ ತೆರೆಯಲಿಲ್ಲ. ಬ್ಯಾಂಕು ನಡೆಯುವ ಹೊತ್ತು ಇವರ ವ್ಯಾಪಾರದ ಹೊತ್ತೂ ಆಗಿತ್ತು. ಅರ್ಜಿ ತುಂಬಲು ಅಕ್ಷರ ಬಾರದು. ಕಡೆಗೆ ತಮ್ಮದೇ ಬ್ಯಾಂಕೊಂದನ್ನು ಸ್ಥಾಪಿಸಲು ಇವರು ನಿಶ್ಚಯಿಸಿದರು. ಸುಮಾರು 4,000 ಮಂದಿ ತಲಾ 10 ರೂಪಾಯಿಯ ಷೇರು ಕೊಂಡರು.

ಸಹಿ ಮಾಡಲು ಬಾರದವರು ಸಹಕಾರಿ ಬ್ಯಾಂಕನ್ನು ಹೇಗೆ ನಡೆಸಿಯಾರೆಂಬುದು ಅಧಿಕಾರಿಗಳ ಸಂದೇಹವಾಗಿತ್ತು. ಸ್ಥಾಪಕ ಸದಸ್ಯೆಯರು ರಾತ್ರಿಯೆಲ್ಲ ಕುಳಿತು ತಂತಮ್ಮ ಹೆಸರನ್ನು ಬರೆಯಲು ಕಲಿತರು. 1974ರಲ್ಲಿ ಬ್ಯಾಂಕು ನೋಂದಣಿಯಾಯಿತು. ಆದರೆ ಅಕ್ಷರ ಬಾರದ ಉಳಿದ ಸಹಸ್ರಾರು ಮಂದಿಯ ಗತಿಯೇನು? ಅವರ ಪಾಸ್‌ಪುಸ್ತಕಕ್ಕೆ ಭಾವಚಿತ್ರವನ್ನು ಅಂಟಿಸಿ ಗುರುತಿನ ಸಮಸ್ಯೆಯನ್ನು ಬಗೆಹರಿಸಲಾಯಿತು. ಕಸುಬುದಾರ ಹೆಂಗಸರ ಪ್ರತಿನಿಧಿಗಳು ಆಡಳಿತ ಮಂಡಳಿಯಲ್ಲಿ ಕುಳಿತು ಸಾಲದ ನಿಯಮಗಳನ್ನು ವಿಮರ್ಶಿಸತೊಡಗಿದರು. ತರಕಾರಿಯವಳಿಗೆ ಯಾವಾಗ ಹಣ ಬೇಕು, ಯಾವಾಗ ತೀರಿಸಬಲ್ಲಳು ಎಂಬುದು ಅವರಿಗೆ ಸ್ವಾನುಭವದಿಂದಲೇ ತಿಳಿದಿತ್ತು.

1981ರಲ್ಲಿ, ಗುಜರಾತಿನ ಮೀಸಲಾತಿ ಗಲಭೆಗಳ ಕಾಲದಲ್ಲಿ, ದಲಿತರ ಪರವಾಗಿ ನಿಂತ ‘ಸೇವಾ’ ಮಾತೃಸಂಘದಿಂದ ಹೊರಬೀಳಬೇಕಾಯಿತು. ಆಗಲೂ ಬ್ಯಾಂಕು ಮುಚ್ಚಲಿಲ್ಲ. ಅದನ್ನು ಉಳಿಸಿದುದು ಸದಸ್ಯೆಯರ ಸಣ್ಣ ಉಳಿತಾಯವೂ ದೊಡ್ಡ ವಿಶ್ವಾಸವೂ ಎನ್ನಬೇಕು.

ಇಳಾ ಭಟ್ಟರು 2022ರಲ್ಲಿ ದಿವಂಗತರಾದರು. ಅವರ ಕೀರ್ತಿ ಲೋಕವಿದಿತವಾದುದು. ಆದರೆ ಈ ಚರಿತ್ರೆಯನ್ನು ಅವರೊಬ್ಬರ ಚರಿತ್ರೆಯೆಂದು ಓದುವುದು ಸಲ್ಲದು. ತನ್ನ ದುಡಿಮೆಯ ಲೆಕ್ಕವನ್ನು ತಾನೇ ಇಡುವ, ತನ್ನಂಥವರ ಹಣಕ್ಕೆ ತಾನೇ ಹೊಣೆಯಾಗುವ ಸಾಮರ್ಥ್ಯ ಬೀದಿಯ ವ್ಯಾಪಾರಿಗೂ ಉಂಟೆಂಬುದನ್ನು ಆ ಹೆಂಗಸರು ವ್ಯವಹಾರದಲ್ಲಿಯೇ ಸಿದ್ಧಪಡಿಸಿದರು. ವಾಣಿಜ್ಯದ ನಾಯಕಿಯರನ್ನು ಎಣಿಸುವಾಗ ಇವರನ್ನೂ ಎಣಿಸುವುದು ನ್ಯಾಯ.