ಮತ್ತೆ ಹನ್ನೆರಡು ಗಂಟೆ

ಮುಂಬೈ ಗಿರಣಿಗಳಲ್ಲಿ ಒಂದು ಕಾಲಕ್ಕೆ ಹೊತ್ತು ಹುಟ್ಟಿದಾಗ ಕೆಲಸ ಶುರು, ಮುಳುಗಿದಾಗ ಮುಕ್ತಾಯ. ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ ಭಾನುವಾರದ ರಜೆ ಸಿಕ್ಕಿದ್ದು 1890ರಲ್ಲಿ. ದಿನದ ದುಡಿಮೆ ಇಳಿದದ್ದು ಇನ್ನೂ ನಿಧಾನವಾಗಿ: ಬಟ್ಟೆ ಗಿರಣಿಯ ಗಂಡಸರಿಗೆ ಕಾನೂನಿನ ಮಿತಿ 1911ರಲ್ಲಿ 12 ಗಂಟೆ, 1922ರಲ್ಲಿ 11, 1934ರಲ್ಲಿ 10, 1946ರಲ್ಲಿ 9, ವಾರಕ್ಕೆ 48.

2023ರ ಫೆಬ್ರವರಿಯಲ್ಲಿ ಕರ್ನಾಟಕದ ತಿದ್ದುಪಡಿ ಮತ್ತೆ 12ಕ್ಕೆ ದಾರಿ ಮಾಡಿತು, ವಾರದ 48ನ್ನು ಮುಟ್ಟದೆ. ನಾಲ್ಕು ದಿನ ದುಡಿದರೆ ಮೂರು ದಿನ ರಜೆ. ಕಾರ್ಮಿಕ ಬರೆದುಕೊಟ್ಟು ಒಪ್ಪಿದರೆ ಮಾತ್ರ. ಗೇಟಿನ ಹೊರಗೆ ಕೆಲಸಕ್ಕಾಗಿ ಜನ ಕಾದಿರುವಾಗ ಒಲ್ಲೆ ಎನ್ನುವವರು ಯಾರು?

ಏಪ್ರಿಲ್‌ನಲ್ಲಿ ತಮಿಳುನಾಡೂ ಇಂಥದೇ ಮಸೂದೆ ಪಾಸು ಮಾಡಿತು. ಮಿತ್ರಪಕ್ಷಗಳೇ ಸದನದಿಂದ ಹೊರನಡೆದವು, ಕಾರ್ಮಿಕ ಸಂಘಗಳು ತಿರುಗಿಬಿದ್ದವು. ಮೇ 1ರಂದು, ಚೆನ್ನೈನಲ್ಲಿ ಸಿಂಗಾರವೇಲರ್ ಕೆಂಬಾವುಟ ಹಾರಿಸಿ ಸರಿಯಾಗಿ ನೂರು ವರ್ಷ ತುಂಬಿದ ದಿನ, ಮುಖ್ಯಮಂತ್ರಿ ಸ್ಟಾಲಿನ್ ಅದನ್ನು ಹಿಂತೆಗೆದುಕೊಂಡರು.