ನಾಲ್ಕು ಅಂಶಗಳನ್ನು ಬಿಟ್ಟು: ಪೈನಿ ಪಾಯಿಂಟ್ ಸೋರಿಕೆ ಮತ್ತು ‘ಸುರಕ್ಷಿತ ನೀರಿ’ನ ವಾದ

2021ರ ಮಾರ್ಚ್ ಕೊನೆಯ ವಾರದಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯದ ಮನಾಟೀ ಕೌಂಟಿಯಲ್ಲಿ ಒಂದು ಹೊಂಡ ಸೋರತೊಡಗಿತು. ಟ್ಯಾಂಪಾ ಕೊಲ್ಲಿಯ ದಂಡೆಗೆ ಹತ್ತಿರದ ಪೈನಿ ಪಾಯಿಂಟ್‌ನಲ್ಲಿ, ಎರಡು ದಶಕಗಳ ಹಿಂದೆಯೇ ಮುಚ್ಚಿಹೋಗಿದ್ದ ರಸಗೊಬ್ಬರ ಕಾರ್ಖಾನೆಯ ಆವರಣದಲ್ಲಿದ್ದ ಹೊಂಡ ಅದು. ಅದರಲ್ಲಿ ಸುಮಾರು 48 ಕೋಟಿ ಗ್ಯಾಲನ್, ಅಂದರೆ 180 ಕೋಟಿ ಲೀಟರಿಗೂ ಮಿಕ್ಕ ನೀರಿತ್ತು. ಒಡ್ಡು ಕುಸಿದರೆ ಇಪ್ಪತ್ತು ಅಡಿ ಎತ್ತರದ ನೀರಿನ ಗೋಡೆಯೇ ನುಗ್ಗಬಹುದೆಂದು ಕೌಂಟಿಯ ಆಡಳಿತ ಎಚ್ಚರಿಸಿತು. ಮುನ್ನೂರಕ್ಕೂ ಹೆಚ್ಚು ಮನೆಗಳನ್ನು ತೆರವುಗೊಳಿಸಲಾಯಿತು. ಏಪ್ರಿಲ್ 3ರಂದು ರಾಜ್ಯಪಾಲ ರಾನ್ ಡಿಸ್ಯಾಂಟಿಸ್ ತುರ್ತುಸ್ಥಿತಿ ಘೋಷಿಸಿದರು. ಒಡ್ಡಿನ ಮೇಲಿನ ಒತ್ತಡ ಇಳಿಸಲು ನೀರನ್ನು ಬಂದರಿನ ಮೂಲಕ ಕೊಲ್ಲಿಗೆ ಬಿಡುವ ಕೆಲಸ ಅದಕ್ಕೆ ಮೊದಲೇ ಶುರುವಾಗಿತ್ತು. ಸುಮಾರು ಹತ್ತು ದಿನಗಳಲ್ಲಿ 21.5 ಕೋಟಿ ಗ್ಯಾಲನ್ ನೀರು ಟ್ಯಾಂಪಾ ಕೊಲ್ಲಿ ಸೇರಿತು.

ಆ ಹತ್ತು ದಿನ ಸಾರ್ವಜನಿಕ ಚರ್ಚೆ ಒಂದೇ ಪ್ರಶ್ನೆಯ ಸುತ್ತ ತಿರುಗಿತು: ಈ ನೀರು ಸುರಕ್ಷಿತವೇ? ರಾಜ್ಯದ ಪರಿಸರ ಇಲಾಖೆ ಕೊಟ್ಟ ಉತ್ತರದ ಸಾರ ಹೀಗಿತ್ತು: ಇದು ಮುಖ್ಯವಾಗಿ ಉಪ್ಪುನೀರು, ಅದರ ಜೊತೆಗೆ ಹಳೆಯ ಕಾರ್ಖಾನೆಯ ನೀರು ಮತ್ತು ಮಳೆನೀರು ಬೆರೆತಿದೆ, ಆಮ್ಲತೆ, ಒಟ್ಟು ರಂಜಕ, ಒಟ್ಟು ಸಾರಜನಕ, ಅಮೋನಿಯಾ ಸಾರಜನಕ ಈ ನಾಲ್ಕನ್ನು ಬಿಟ್ಟರೆ ಸಮುದ್ರನೀರಿನ ಗುಣಮಟ್ಟದ ಮಾನದಂಡಗಳಿಗೆ ಅನುಗುಣವಾಗಿದೆ. ಸ್ಥಳಕ್ಕೆ ಬಂದ ರಾಜ್ಯಪಾಲರು ನೀರು ವಿಕಿರಣಶೀಲವಲ್ಲ ಎಂದರು. ಈ ಮಾತುಗಳಲ್ಲಿ ಸುಳ್ಳಿರಲಿಲ್ಲ. ಆದರೆ ‘ಬಿಟ್ಟರೆ’ ಎಂದು ಬದಿಗೆ ಸರಿಸಿದ ಆ ನಾಲ್ಕು ಅಂಶಗಳಲ್ಲೇ ಕೊಲ್ಲಿಯ ಮಟ್ಟಿಗೆ ಇಡೀ ಅಪಾಯ ಅಡಗಿತ್ತು. ಅಧಿಕಾರಿಗಳೂ ವಿರೋಧಿಗಳೂ ಮನುಷ್ಯನ ಮೈಗೆ ಏನಾಗುತ್ತದೆ ಎಂಬುದರ ಮೇಲೆ ವಾದ ಹೂಡಿದ್ದರಿಂದ, ನೀರು ಯಾರನ್ನು ಸೇರಲಿದೆ ಎಂಬ ಪ್ರಶ್ನೆ ಬಹುಮಟ್ಟಿಗೆ ತಜ್ಞರ ಪಾಲಿಗೇ ಉಳಿಯಿತು ಎಂಬುದು ಈ ಲೇಖನದ ವಾದ.

ಮೊದಲು ಆ ನೀರಿನ ಹುಟ್ಟು. ಫ್ಲೋರಿಡಾದ ಮಧ್ಯಭಾಗದ ನೆಲದಡಿ ಶಿಲಾರಂಜಕದ ದೊಡ್ಡ ನಿಕ್ಷೇಪವಿದೆ. ಆ ಕಲ್ಲನ್ನು ಗಂಧಕಾಮ್ಲದಲ್ಲಿ ಕರಗಿಸಿದರೆ ಗೊಬ್ಬರಕ್ಕೆ ಬೇಕಾದ ಫಾಸ್ಫಾರಿಕ್ ಆಮ್ಲ ಸಿಗುತ್ತದೆ, ಬೆನ್ನಿಗೇ ಜಿಪ್ಸಂ ಉಳಿಯುತ್ತದೆ. ಒಂದು ಟನ್ ರಂಜಕದ ಆಕ್ಸೈಡಿಗೆ ಸುಮಾರು ಐದು ಟನ್ ಜಿಪ್ಸಂ. ಕಲ್ಲಿನಲ್ಲಿರುವ ರೇಡಿಯಂನ ಬಹುಪಾಲು ಈ ಜಿಪ್ಸಂಗೇ ಅಂಟಿಕೊಳ್ಳುತ್ತದೆ, ಯುರೇನಿಯಂ ಹೆಚ್ಚಾಗಿ ಆಮ್ಲದ ಜೊತೆ ಹೋಗುತ್ತದೆ. ರೇಡಿಯಂ ಇರುವ ಕಾರಣಕ್ಕೇ ಅಮೆರಿಕದ ಒಕ್ಕೂಟ ಸರ್ಕಾರದ ಪರಿಸರ ಸಂಸ್ಥೆ 1989ರಲ್ಲಿ ಈ ಜಿಪ್ಸಮನ್ನು ಗುಡ್ಡೆ ಹಾಕಿಯೇ ಇಡಬೇಕೆಂದು ನಿಯಮ ಮಾಡಿತು. ಫ್ಲೋರಿಡಾದಲ್ಲಿ ಈಗ ಇಂಥ ಸುಮಾರು 100 ಕೋಟಿ ಟನ್ ಗುಡ್ಡಗಳಾಗಿ ನಿಂತಿದೆ. ಗುಡ್ಡದ ನೆತ್ತಿಯಲ್ಲಿ ಜಿಪ್ಸಂನಿಂದಲೇ ಒಡ್ಡು ಕಟ್ಟಿ ಕಾರ್ಖಾನೆಯ ಆಮ್ಲೀಯ ನೀರನ್ನು ನಿಲ್ಲಿಸುತ್ತಾರೆ. ತ್ಯಾಜ್ಯದ ಮೇಲೆಯೇ ತ್ಯಾಜ್ಯದ ಕೆರೆ.

ಇದು ನಮಗೆ ತೀರಾ ದೂರದ ಲೆಕ್ಕವೇನೂ ಅಲ್ಲ. ನಮ್ಮ ರೈತ ಹೊರುವ 50 ಕಿಲೋ ಡಿಎಪಿ ಚೀಲದಲ್ಲಿ 23 ಕಿಲೋ ರಂಜಕದ ಆಕ್ಸೈಡ್ ಇರುತ್ತದೆ. ಮೇಲಿನ ಅನುಪಾತದಂತೆ ಅದರ ಹಿಂದೆ 115 ಕಿಲೋದಷ್ಟು ಜಿಪ್ಸಂ ಎಲ್ಲೋ ಒಂದು ಕಡೆ ಬಿದ್ದಿರಲೇಬೇಕು. ಮಂಗಳೂರಿನ ಪಣಂಬೂರಿನಲ್ಲಿ ಆಮದು ಮಾಡಿಕೊಂಡ ಫಾಸ್ಫಾರಿಕ್ ಆಮ್ಲದಿಂದ ಡಿಎಪಿ ತಯಾರಾಗುವುದರಿಂದ ಆ ಜಿಪ್ಸಂ ಗುಡ್ಡ ನಮ್ಮ ಕರಾವಳಿಯಲ್ಲಿ ಕಾಣುವುದಿಲ್ಲ. ಆಮ್ಲ ಮಾಡಿದ ದೇಶದಲ್ಲಿ ಅದು ಇದ್ದೇ ಇದೆ.

ಪೈನಿ ಪಾಯಿಂಟ್ ಕಾರ್ಖಾನೆ ಶುರುವಾದದ್ದು 1966ರಲ್ಲಿ, ಬೋರ್ಡನ್ ಕಂಪನಿಯಿಂದ. ಅನೇಕ ಕೈ ಬದಲಾಗಿ 1993ರಲ್ಲಿ ಅದು ಮಲ್ಬರಿ ಕಂಪನಿಗೆ ಸೇರಿತು. 1997ರ ಡಿಸೆಂಬರಿನಲ್ಲಿ ಅದೇ ಕಂಪನಿಯ ಇನ್ನೊಂದು ಘಟಕದ ಒಡ್ಡು ಒಡೆದು ಸುಮಾರು 5 ಕೋಟಿ ಗ್ಯಾಲನ್ ಆಮ್ಲೀಯ ನೀರು ಅಲಾಫಿಯಾ ನದಿಗೆ ನುಗ್ಗಿತು. ಹತ್ತು ಲಕ್ಷಕ್ಕೂ ಹೆಚ್ಚು ಮೀನು ಸತ್ತವು. 2001ರಲ್ಲಿ ಕಂಪನಿ ದಿವಾಳಿಯಾಗಿ ಪೈನಿ ಪಾಯಿಂಟನ್ನು ಬಿಟ್ಟು ಹೋಯಿತು, ನೀರು ಕಾಯುವ ಕೆಲಸ ಸರ್ಕಾರದ ತಲೆಗೆ ಬಂತು. ಸಂಸ್ಕರಿಸಿದ ನೀರನ್ನು ದೋಣಿಗಳಲ್ಲಿ ಸಾಗಿಸಿ ಮೆಕ್ಸಿಕೋ ಕೊಲ್ಲಿಯಲ್ಲಿ ಚೆಲ್ಲಿದ್ದೂ ಆಯಿತು. 2006ರಲ್ಲಿ ಎಚ್‌ಆರ್‌ಕೆ ಹೋಲ್ಡಿಂಗ್ಸ್ ಈ ಜಾಗ ಕೊಂಡಿತು.

ಮುಂದಿನ ತೀರ್ಮಾನ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ವಿಚಿತ್ರವಾದದ್ದು. ಪಕ್ಕದ ಬಂದರನ್ನು ವಿಸ್ತರಿಸುವಾಗ ಸಮುದ್ರದ ತಳದಿಂದ ಬಾಚಿದ ಹೂಳನ್ನು ಉಪ್ಪುನೀರಿನ ಸಮೇತ ಇದೇ ಹೊಂಡಕ್ಕೆ ತುಂಬಲು ಅನುಮತಿ ಸಿಕ್ಕಿತು. ಬರಿದಾಗಿಸಿ ಮುಚ್ಚಬೇಕಿದ್ದ ಹೊಂಡ ಮತ್ತೆ ತುಂಬಿತು. 2011ರ ಮೇ ತಿಂಗಳಲ್ಲಿ ತಳದ ಪ್ಲಾಸ್ಟಿಕ್ ಹೊದಿಕೆ ಹರಿದು ಸುಮಾರು 17 ಕೋಟಿ ಗ್ಯಾಲನ್ ನೀರನ್ನು ಬಿಷಪ್ ಹಾರ್ಬರಿಗೆ ಬಿಡಬೇಕಾಯಿತು. 2021ರಲ್ಲಿ ಅಧಿಕಾರಿಗಳು ಸಮಾಧಾನದ ಧಾಟಿಯಲ್ಲಿ ‘ಮುಖ್ಯವಾಗಿ ಉಪ್ಪುನೀರು’ ಎಂದಾಗ, ಆ ಉಪ್ಪುನೀರು ಅಲ್ಲಿಗೆ ಬಂದ ಬಗೆ ಇದು.

ಇನ್ನು ವಿಕಿರಣದ ಮಾತು. ರೇಡಿಯಂ ಸಲ್ಫೇಟ್ ನೀರಿನಲ್ಲಿ ಕರಗುವುದೇ ಅಪರೂಪ. ಅದು ಜಿಪ್ಸಂ ಹರಳಿನೊಳಗೆ ಸೆರೆಯಾಗಿರುತ್ತದೆ. ಆದ್ದರಿಂದ ಹೊಂಡದ ನೀರಿಗೆ ‘ವಿಕಿರಣಶೀಲ’ ಎಂಬ ಹಣೆಪಟ್ಟಿ ಹಚ್ಚಿದ ತಲೆಬರಹಗಳು ಗುರಿ ತಪ್ಪಿದ್ದವು. ಹಾಗೆಂದು ವಿರೋಧಿಗಳ ಭಯ ಪೂರ್ತಿ ಪೊಳ್ಳಾಗಿರಲಿಲ್ಲ. ಒಡ್ಡು ಕುಸಿದಿದ್ದರೆ ನೀರಿನೊಂದಿಗೆ ಗುಡ್ಡದ ಜಿಪ್ಸಂ ಕೂಡ ಕೊಚ್ಚಿಹೋಗುತ್ತಿತ್ತು. ಪೈಪಿನಲ್ಲಿ ಹೋಗುತ್ತಿದ್ದ ನೀರು ಒಂದು ಪ್ರಶ್ನೆ, ಗುಡ್ಡ ನಿಲ್ಲುವುದೇ ಎಂಬುದು ಇನ್ನೊಂದು. ಸರ್ಕಾರ ಮೊದಲನೆಯದಕ್ಕೆ ಉತ್ತರ ಕೊಟ್ಟಿತು. ಜನ ಕೇಳುತ್ತಿದ್ದದ್ದು ಹೆಚ್ಚಾಗಿ ಎರಡನೆಯದು.

ಮೂರನೆಯದು ಕೊಲ್ಲಿಯ ಪ್ರಶ್ನೆ. ಶಿಲಾರಂಜಕದ ನಾಡಿನ ನದಿಗಳು ಸೇರುವ ಟ್ಯಾಂಪಾ ಕೊಲ್ಲಿಯಲ್ಲಿ ರಂಜಕಕ್ಕೆ ಸಹಜವಾಗಿಯೇ ಕೊರತೆಯಿಲ್ಲ. ಪಾಚಿಯ ಬೆಳವಣಿಗೆಗೆ ಲಗಾಮು ಹಾಕುವುದು ಸಾರಜನಕದ ಅಭಾವ. ಸಾರ ಯಾವುದು ಕಡಿಮೆಯೋ ಇಳುವರಿ ಅದರ ಅಳತೆಗೇ ನಿಲ್ಲುತ್ತದೆ ಎಂದು ಹೊಲದಲ್ಲಿ ಕಲಿತ ಪಾಠ ಇಲ್ಲೂ ನಿಜ. ಚರಂಡಿ ನೀರಿನ ಸಂಸ್ಕರಣೆಯನ್ನು ಬಿಗಿಗೊಳಿಸಿ, ಊರು, ಉದ್ಯಮ, ವಿದ್ಯುತ್ ಸ್ಥಾವರಗಳೆಲ್ಲ ಸೇರಿ ಸಾರಜನಕವನ್ನು ಲೆಕ್ಕಹಾಕಿ ಇಳಿಸಿದ ಫಲವಾಗಿ ಕೊಲ್ಲಿಯ ಕಡಲಹುಲ್ಲು 2010ರ ದಶಕದ ಮಧ್ಯಭಾಗಕ್ಕೆ 1950ರ ದಶಕದ ವಿಸ್ತಾರಕ್ಕೆ ಮರಳಿತ್ತು. ಜಗತ್ತಿನ ಬೇರೆ ಕೊಲ್ಲಿಗಳಿಗೆ ಮಾದರಿಯೆಂದು ಇದನ್ನು ತೋರಿಸುತ್ತಿದ್ದರು.

ಅಲ್ಲಿಗೆ ಬಂದು ಬಿದ್ದದ್ದು ಎಷ್ಟು? ಮಾರ್ಕಸ್ ಬೆಕ್ ಮತ್ತು ಸಂಗಡಿಗರು 2022ರಲ್ಲಿ ಮರೀನ್ ಪೊಲ್ಯೂಷನ್ ಬುಲೆಟಿನ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 81.4 ಕೋಟಿ ಲೀಟರ್ ನೀರಿನಲ್ಲಿ 186 ಟನ್ ಸಾರಜನಕ. ಭಾಗಿಸಿ ನೋಡಿದರೆ ಲೀಟರಿಗೆ ಸುಮಾರು 229 ಮಿಲಿಗ್ರಾಂ. ಕೊಲ್ಲಿಯ ಕೆಳಭಾಗಕ್ಕೆ ಎಲ್ಲ ಹೊರಮೂಲಗಳಿಂದ ವರ್ಷವಿಡೀ ಬರುವುದಕ್ಕಿಂತ ಹೆಚ್ಚಿನ ಸಾರಜನಕ ಕೆಲವೇ ದಿನಗಳಲ್ಲಿ ಬಂದಿತ್ತು. ಏಪ್ರಿಲ್‌ನಲ್ಲಿ ಹಾನಿಕರವಲ್ಲದ ಡಯಾಟಮ್ ಪಾಚಿ ಹೆಚ್ಚಿತು. ಜೂನ್ ಹೊತ್ತಿಗೆ ಎಳೆ ಎಳೆಯಾದ ನೀಲಿ-ಹಸಿರು ಪಾಚಿ ಚಾಪೆಯಂತೆ ಹಬ್ಬಿತು. ಜುಲೈನಲ್ಲಿ ಕರೇನಿಯಾ ಬ್ರೆವಿಸ್ ಎಂಬ ಸೂಕ್ಷ್ಮಜೀವಿಯ ಕೆಂಪು ಉಬ್ಬರ ಬಂದು ಮೀನುಗಳ ರಾಶಿ ದಡಕ್ಕೆ ಬಿತ್ತು.

ಕೆಂಪು ಉಬ್ಬರವನ್ನು ಪೂರ್ತಿಯಾಗಿ ಪೈನಿ ಪಾಯಿಂಟ್ ತಲೆಗೆ ಕಟ್ಟುವುದು ಸರಿಯಲ್ಲ. ಕರೇನಿಯಾ ಹುಟ್ಟುವುದು ಹೊರಗಿನ ಕಡಲಿನಲ್ಲಿ; ಸೋರಿಕೆಗೆ ಮೊದಲೇ ಅದು ರಾಜ್ಯದ ನೈರುತ್ಯ ತೀರದಲ್ಲಿ ಕಾಣಿಸಿಕೊಂಡಿತ್ತು. ಕೊಲ್ಲಿಯೊಳಗೆ ಬಂದ ಮೇಲೆ ಅದಕ್ಕೆ ಔತಣ ಸಿದ್ಧವಿತ್ತು ಎನ್ನುವಷ್ಟಕ್ಕೆ ಆಧಾರವಿದೆ. ಈ ಎರಡರ ನಡುವಿನ ಅಂತರ ಸಾರ್ವಜನಿಕ ವಾದದಲ್ಲಿ ಉಳಿಯಲಿಲ್ಲ. ಒಬ್ಬರಿಗೆ ಎಲ್ಲವೂ ಕಾರ್ಖಾನೆಯ ಪಾಪ, ಇನ್ನೊಬ್ಬರಿಗೆ ಎಲ್ಲವೂ ಪ್ರಕೃತಿಯ ಲೀಲೆ.

ಜನರ ಅಪನಂಬಿಕೆಗೂ ಚರಿತ್ರೆಯಿತ್ತು. 2016ರಲ್ಲಿ ಫ್ಲೋರಿಡಾದಲ್ಲೇ ಮೊಸಾಯಿಕ್ ಎಂಬ ರಸಗೊಬ್ಬರ ಕಂಪನಿಯ ನ್ಯೂ ವೇಲ್ಸ್ ಘಟಕದ ಜಿಪ್ಸಂ ಗುಡ್ಡದಡಿ ನೆಲ ಬಾಯ್ದೆರೆದು, ಕಾಕತಾಳೀಯವಾಗಿ 21.5 ಕೋಟಿ ಗ್ಯಾಲನ್ ನೀರೇ ಭೂಗರ್ಭಕ್ಕೆ ಇಳಿದಿತ್ತು. ಆಗಸ್ಟ್ ಕೊನೆಗೆ ಪತ್ತೆಯಾದ ಈ ಸಂಗತಿ ಜನರಿಗೆ ತಿಳಿದದ್ದು ಸೆಪ್ಟೆಂಬರ್ ಮಧ್ಯದಲ್ಲಿ. ಮಾಲಿನ್ಯವನ್ನು 24 ಗಂಟೆಯೊಳಗೆ ತಿಳಿಸಬೇಕೆಂಬ ರಾಜ್ಯದ ಕಾನೂನು 2017ರಲ್ಲಿ ಬಂದದ್ದು ಆ ಕೋಲಾಹಲದ ನಂತರ. ಒಮ್ಮೆ ಮೂರು ವಾರ ಸುಮ್ಮನಿದ್ದ ಆಡಳಿತ ಐದು ವರ್ಷದ ಬಳಿಕ ಹೇಳಿದ ನಿಜವನ್ನೂ ಜನ ಅರ್ಧಕ್ಕೇ ನಂಬಿದರು.

ಸೋರಿಕೆಯ ಬಳಿಕ ಪೈನಿ ಪಾಯಿಂಟ್ ಹೊಂಡವನ್ನು ಶಾಶ್ವತವಾಗಿ ಮುಚ್ಚಲು ರಾಜ್ಯದ ಶಾಸನಸಭೆ 10 ಕೋಟಿ ಡಾಲರ್ ಎತ್ತಿಟ್ಟಿತು. ಕೋವಿಡ್ ಪರಿಹಾರಕ್ಕೆಂದು ಒಕ್ಕೂಟ ಸರ್ಕಾರ ಕೊಟ್ಟ ಹಣ ಅದು. ನ್ಯಾಯಾಲಯ ಆಸ್ತಿಗೆ ಉಸ್ತುವಾರಿ ನೇಮಿಸಿತು. ಉಳಿದ ನೀರನ್ನು ಸಂಸ್ಕರಿಸಿ, ಮೂರು ಸಾವಿರ ಅಡಿಗೂ ಆಳದ ಕೌಂಟಿಯ ಬಾವಿಯೊಂದರ ಮೂಲಕ ನೆಲದೊಳಕ್ಕೆ ಒತ್ತಿ ಕಳಿಸುವ ಕೆಲಸ 2023ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಕುಡಿಯುವ ನೀರಿನ ಪದರಕ್ಕಿಂತ ಬಹಳ ಕೆಳಗೆ, ಬಂಡೆಯ ಪದರಗಳ ತಡೆಯಿದೆ ಎಂದು ಎಂಜಿನಿಯರುಗಳು ವಾದಿಸಿದರು. ಆ ತಡೆಯಲ್ಲಿ ಬಿರುಕಿಲ್ಲವೆಂದು ಹೇಗೆ ಹೇಳುತ್ತೀರಿ ಎಂದು ಪರಿಸರ ಸಂಘಟನೆಗಳು ಕೇಳಿದವು. ಸಾರಜನಕದ ಅಳತೆ ಹಿಂದೆ ಸರಿದು ಚರ್ಚೆ ಬಂಡೆಯ ಸೀಳು, ಅಂತರ್ಜಲದ ಹರಿವುಗಳಿಗೆ ಹೊರಳಿತು.